ಕಾಟಾದ ಏಳನೆಯ ಮತ್ತು ಎಂಟನೆಯ ಲೋಡ್ ಸೆಲ್

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ, ಕಪನೂರು ಕೈಗಾರಿಕಾ ಪ್ರದೇಶದ ದಾಲ್‌ಮಿಲ್ ಒಂದರ ಅಂಗಳದಲ್ಲಿ 60 ಟನ್ನಿನ ಕಾಟಾ, ಅಂದರೆ ಗಾಡಿ ಸಮೇತ ತೂಗುವ ಯಂತ್ರ, ಇದೆ. ಅದರ ಕಬ್ಬಿಣದ ಹಾಸಿನ ಕೆಳಗೆ ಭಾರ ಅಳೆಯುವ ಎಂಟು ಲೋಡ್ ಸೆಲ್‌ಗಳು. ಎಂಟರ ತಂತಿಗಳೂ ಕಚೇರಿಯ ಕಂಪ್ಯೂಟರಿನೊಳಗಿನ ಒಂದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿಗೆ ಬಂದು ಸೇರುತ್ತವೆ. ಏಪ್ರಿಲ್ ಕೊನೆಯಲ್ಲಿ ಆ ಕಂಪ್ಯೂಟರ್ ಸತ್ತಿತು. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಫ್ಯಾನಿಗೆ ಕಂಬಳಿಯಂತೆ ಮೆತ್ತಿಕೊಂಡ ತೊಗರಿ ಹೊಟ್ಟಿನ ಧೂಳು. ಮದರ್‌ಬೋರ್ಡ್ ಸುಟ್ಟಿತ್ತು, ಕಾರ್ಡ್ ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಸಾವಕಾರರು ನನ್ನನ್ನು ಕರೆಸಿ ಹಳೆಯ ಸಿಡಿಯೊಂದನ್ನು ಕೈಗಿಟ್ಟರು. "ಕಾರ್ಡ್ ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಡ್ರೈವರಿನ ಕೋಡ್ ಇದರಲ್ಲಿದೆ ಎಂದು ಆಗ ಕೊಟ್ಟು ಹೋಗಿದ್ದರು. ಏನಾದರೂ ಆಗುತ್ತದೆಯೇ ನೋಡಿರಿ" ಎಂದರು. ಸಿಡಿ ಓದಿತು. ಒಳಗೆ ಲಿನಕ್ಸ್ 2.6.32 ಕಾಲದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇತ್ತು, ಜೊತೆಗೆ ಕಾರ್ಡಿನ ರಿಜಿಸ್ಟರುಗಳನ್ನು, ಅಂದರೆ ಆಜ್ಞೆ ಮತ್ತು ಅಂಕಿಗಳ ಸಣ್ಣ ಖಾನೆಗಳನ್ನು, ವಿವರಿಸುವ 11 ಪುಟಗಳ ಕೈಪಿಡಿ. ಆ 11 ಪುಟ ಇಲ್ಲದಿದ್ದರೆ ಈ ಕೆಲಸಕ್ಕೆ ನಾನು ಕೈ ಹಾಕುತ್ತಿರಲಿಲ್ಲ.

ಫ್ಯಾನ್ ಇರುವ ಯಂತ್ರವನ್ನು ಮತ್ತೆ ಆ ಧೂಳಿನಲ್ಲಿ ಇಡಲು ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಫ್ಯಾನ್ ಬೇಡದ, ಒಂದು ಪಿಸಿಐ ಎಕ್ಸ್‌ಪ್ರೆಸ್ ಕಿಂಡಿ ಇರುವ, ಕಾರ್ಟೆಕ್ಸ್ ಎ72 ಪ್ರೊಸೆಸರಿನ ಸಣ್ಣ ಬೋರ್ಡನ್ನು ಆರಿಸಿದೆ. ಅದರಲ್ಲಿ 64 ಬಿಟ್ ಲಿನಕ್ಸ್, ಅದರ ತಿರುಳಾದ ಕರ್ನಲ್ 6.6. ತೊಗರಿ ರಾಶಿ ಮುಗಿದು ಆವಕ ಇಳಿದಿದ್ದ ಕಾಲ, ಹಾಗಾಗಿ ಸಮಯವಿತ್ತು. ಒಂದು ಮಾತನ್ನು ಮೊದಲ ದಿನವೇ ಆಡಿಕೊಂಡೆವು: ಲೋಡ್ ಸೆಲ್ ಮತ್ತು ಸೀಲಿನ ಕೆಲಸ ಪರವಾನಗಿ ಇರುವ ದುರಸ್ತಿಗಾರರದ್ದು, ಕೋಡ್ ನನ್ನದು, ಮತ್ತು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುವವರೆಗೆ ರೈತರ ಒಂದು ಚೀಲವೂ ಈ ಕಾಟಾ ಹತ್ತುವುದಿಲ್ಲ. ಆ ಮಾತು ಎಷ್ಟು ಮುಖ್ಯವಾಗಿತ್ತು ಎಂಬುದು ಎರಡು ವಾರಗಳ ನಂತರ ತಿಳಿಯಿತು.

ಹಳೆಯ ಡ್ರೈವರನ್ನು ಹೊಸ ಕರ್ನಲ್‌ಗೆ ಹೊಂದಿಸುವುದು ಒಂದು ಸಂಜೆಯ ಕೆಲಸವಾಯಿತು. ಐಓರೀಮ್ಯಾಪ್_ನೋಕ್ಯಾಶ್ ಎಂಬ ಫಂಕ್ಷನ್ 5.6ರಲ್ಲಿಯೇ ಹೋಗಿದೆ, ಪಿಸಿಐ_ಮ್ಯಾಪ್_ಸಿಂಗಲ್ ಕೂಡ ಈಗಿಲ್ಲ. ಅವುಗಳ ಜಾಗಕ್ಕೆ ಇಂದಿನವು ಬಂದವು. ಕಂಪೈಲ್ ಆಯಿತು. ಡ್ರೈವರಿನ ಮಾಡ್ಯೂಲನ್ನು ಕರ್ನಲಿಗೆ ಹಾಕಿದೆ. ಅರ್ಧ ಸೆಕೆಂಡಿನಲ್ಲಿ ಕರ್ನಲ್ ಕುಸಿಯಿತು.

ಮೊದಲ ಕುಸಿತ

ಲಾಗಿನಲ್ಲಿ ದೋಷದ ಸಂಕೇತ ಸ್ಪಷ್ಟವಾಗಿತ್ತು: ಇಎಸ್‌ಆರ್ ಹೆಕ್ಸ್ 96000021. ಅದರ ಕೊನೆಯ ಭಾಗವಾದ ಹೆಕ್ಸ್ 21 ಎಂದರೆ ಅಲೈನ್‌ಮೆಂಟ್ ಫಾಲ್ಟ್. ವಿಳಾಸದ ಕೊನೆಯ ಅಂಕಿ 2. ನಾಲ್ಕು ಬೈಟುಗಳ ಓದು ನಾಲ್ಕರಿಂದ ಭಾಗವಾಗದ ವಿಳಾಸದಲ್ಲಿ ನಡೆದಿದೆ ಎಂದು ಅದೊಂದೇ ಅಂಕಿ ಹೇಳುತ್ತಿತ್ತು.

ಕಾರ್ಡಿನ ಸ್ಮೃತಿಯಲ್ಲಿ ಒಂದು ಕೋಷ್ಟಕವಿದೆ. ಮೊದಲ 2 ಬೈಟ್ ಆವೃತ್ತಿಯ ಸಂಖ್ಯೆ, ಆಮೇಲೆ ಪ್ರತಿ ಲೋಡ್ ಸೆಲ್‌ಗೆ 4 ಬೈಟಿನ ಒಂದೊಂದು ಗುಣಕ, ಕೊನೆಗೆ 2 ಬೈಟಿನ ತಾಳೆ ಸಂಖ್ಯೆ. ಒಟ್ಟು 36 ಬೈಟ್. ಆವೃತ್ತಿಗೆ ಎರಡೇ ಬೈಟ್ ಕೊಟ್ಟಿದ್ದರಿಂದ ಎಂಟೂ ಗುಣಕಗಳು ಎರಡೆರಡು ಬೈಟ್ ಸರಿದು ಕುಳಿತಿವೆ. ಹಳೆಯ ಡ್ರೈವರ್ ಕಾರ್ಡಿನ ವಿಳಾಸಕ್ಕೆ ಎರಡು ಕೂಡಿಸಿ, ಅದನ್ನು ಯು32 ಪಾಯಿಂಟರ್ (ನಾಲ್ಕು ಬೈಟಿನ ಸಂಖ್ಯೆಯ ವಿಳಾಸ) ಎಂದು ಬಗೆದು, ನೇರವಾಗಿ ಓದುತ್ತಿತ್ತು.

ಹಮಾಲರು ಥಪ್ಪಿಯಿಂದ ಚೀಲ ಇಳಿಸುವುದನ್ನು ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಒಂದು ಸಲಕ್ಕೆ ಒಂದು ಚೀಲ ಬೆನ್ನಿಗೆ ಬರುತ್ತದೆ. ಈ ಚೀಲದ ಅರ್ಧ ಮತ್ತು ಪಕ್ಕದ ಚೀಲದ ಅರ್ಧ ಬೇಕೆಂದರೆ ಎರಡನ್ನೂ ಇಳಿಸಿ, ಬಿಚ್ಚಿ, ಬೇಕಾದಷ್ಟು ಸುರಿದುಕೊಳ್ಳಬೇಕು. ಹಳೆಯ ಕಂಪ್ಯೂಟರಿನಲ್ಲಿದ್ದಂಥ ಎಕ್ಸ್86 ಪ್ರೊಸೆಸರ್ ಆ ಕೆಲಸವನ್ನು ಯಾರಿಗೂ ಹೇಳದೆ ತಾನೇ ಮಾಡಿಕೊಡುತ್ತದೆ. ಎ72 ಕೂಡ ಸಾಮಾನ್ಯ ಮೆಮೊರಿಯಲ್ಲಿ ಮಾಡಿಕೊಡುತ್ತದೆ. ಆದರೆ ಕಾರ್ಡನ್ನು ತಲುಪಲು ಐಓರೀಮ್ಯಾಪ್ ಎಂಬ ಫಂಕ್ಷನ್ ಕೊಡುವ ವಿಳಾಸ ಸಾಮಾನ್ಯ ಮೆಮೊರಿಯಲ್ಲ, ಸಾಧನದ ಮೆಮೊರಿ. ಅಲ್ಲಿ ಒಂದು ಓದು ಬರೀ ಓದಲ್ಲ: ಕೆಲವು ರಿಜಿಸ್ಟರುಗಳನ್ನು ಓದಿದರೆ ಒಳಗಿನ ಸಾಲು ಮುಂದೆ ಸರಿಯುತ್ತದೆ, ಕೆಲವು ಓದಿದೊಡನೆ ಅಳಿಯುತ್ತವೆ. ಒಂದು ಓದನ್ನು ಎರಡಾಗಿ ಒಡೆದರೆ ಅರ್ಥವೇ ಬದಲಾಗಬಹುದು. ಆದ್ದರಿಂದ ಆರ್ಮ್ 64 (ಎ72 ಸೇರಿದ ಪ್ರೊಸೆಸರ್ ವರ್ಗ) ಅಲ್ಲಿ ಒಡೆಯುವುದಿಲ್ಲ, ನಿಲ್ಲಿಸುತ್ತದೆ. ಈ ಕಟ್ಟುನಿಟ್ಟು ನನಗೆ ಇಷ್ಟ. ಹಳೆಯ ಎಆರ್‌ಎಂವಿ5 ಪ್ರೊಸೆಸರುಗಳಲ್ಲಿ ಅಲೈನ್‌ಮೆಂಟ್ ತಪಾಸಣೆ ಆಫ್ ಆಗಿದ್ದರೆ ಹೀಗೆ ಸರಿದ ಓದು ದೋಷವನ್ನೇ ಕೊಡುತ್ತಿರಲಿಲ್ಲ. ಹಿಂದಿನ ಸರಿಯಾದ ವಿಳಾಸದಿಂದ ನಾಲ್ಕು ಬೈಟ್ ತಂದು, ಅವನ್ನು ತಿರುಗಿಸಿ, ಬೇರೆಯದೇ ಸಂಖ್ಯೆಯನ್ನು ಕೈಗಿಡುತ್ತಿತ್ತು. ತೂಕದ ಯಂತ್ರದಲ್ಲಿ ಅದಕ್ಕಿಂತ ಕುಸಿತವೇ ಸಾವಿರ ಪಾಲು ಮೇಲು.

ಇಲ್ಲೊಂದು ಅಡ್ಡದಾರಿ ಇತ್ತು. ಐಓರೀಮ್ಯಾಪ್ ಬದಲು ಐಓರೀಮ್ಯಾಪ್_ಡಬ್ಲ್ಯುಸಿ ಎಂದು ಬರೆದರೆ ಅದೇ ವಿಳಾಸ ಕ್ಯಾಶ್ (ಪ್ರೊಸೆಸರ್ ತನ್ನ ಹತ್ತಿರ ಇಟ್ಟುಕೊಳ್ಳುವ ನಕಲು) ಇಲ್ಲದ ಸಾಮಾನ್ಯ ಮೆಮೊರಿಯಾಗಿ ಕಾಣುತ್ತದೆ, ಸರಿದ ಓದು ಆಕ್ಷೇಪವಿಲ್ಲದೆ ನಡೆಯುತ್ತದೆ. ಪರೀಕ್ಷೆಗೆಂದು ಹಾಕಿ ನೋಡಿದೆ, ಕುಸಿತ ನಿಂತಿತು. ತಕ್ಷಣ ತೆಗೆದೆ. ಹಾಗೆ ಮಾಡಿದರೆ ರಿಜಿಸ್ಟರುಗಳಿಗೆ ಬರೆಯುವ ಆಜ್ಞೆಗಳು ಒಂದರೊಳಗೊಂದು ಬೆರೆಯಬಹುದು, ಹಿಂದುಮುಂದಾಗಬಹುದು. ‘ಅಳತೆ ಶುರು ಮಾಡು’ ಎಂಬ ಆಜ್ಞೆ ‘ಬಫರ್ (ಅಂಕಿ ಬರೆಯುವ ಜಾಗ) ಇಲ್ಲಿದೆ’ ಎಂಬ ಆಜ್ಞೆಗಿಂತ ಮೊದಲೇ ಕಾರ್ಡಿಗೆ ತಲುಪಿದರೆ ಅದು ಎಲ್ಲಿ ಬರೆಯುತ್ತದೆಯೋ ದೇವರೇ ಬಲ್ಲ.

ಸರಿಯಾದ ದಾರಿಯೂ ಉದ್ದವೇನಲ್ಲ. 36 ಬೈಟ್ ಎಂದರೆ ಒಂಬತ್ತು ಸಲ ನಾಲ್ಕು ಬೈಟ್. ಕರ್ನಲ್‌ನಲ್ಲಿಯೇ ಇರುವ ಐಓರೀಡ್32_ಕಾಪಿ ಎಂಬ ಸಹಾಯಕ ಫಂಕ್ಷನ್‌ನಿಂದ ಇಡೀ ಕೋಷ್ಟಕವನ್ನು ನಾಲ್ಕರ ಗಡಿಯಲ್ಲಿಯೇ ಓದಿ ನಮ್ಮ ಮೆಮೊರಿಗೆ ತಂದುಕೊಂಡೆ. ಮೆಮ್‌ಕಾಪಿ_ಫ್ರಂಐಓ ಬಳಸಬಹುದಿತ್ತು, ಆದರೆ ಅದು ಅನುಕೂಲ ಕಂಡಲ್ಲಿ ಎಂಟೆಂಟು ಬೈಟ್, ಅಂಚಿನಲ್ಲಿ ಒಂದೊಂದು ಬೈಟ್ ಓದುತ್ತದೆ. ಈ ಕಾರ್ಡ್ ನಾಲ್ಕು ಬೈಟಿನ ಓದಿಗಷ್ಟೇ ಉತ್ತರ ಕೊಡುವ ಭರವಸೆ ನೀಡುತ್ತದೆ ಎಂದು ಕೈಪಿಡಿಯ ಆರನೆಯ ಪುಟದಲ್ಲಿದೆ. ನಮ್ಮ ಮೆಮೊರಿಗೆ ಬಂದ ಮೇಲೆ ಪ್ರತಿ ಗುಣಕವನ್ನು ಗೆಟ್_ಅನ್‌ಅಲೈನ್ಡ್_ಎಲ್‌ಇ32 ಮೂಲಕ ತೆಗೆದುಕೊಂಡೆ. ‘ಈ ವಿಳಾಸ ಸರಿದಿದೆ, ಬೈಟುಗಳು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಲ್ಪಟ್ಟಿವೆ’ ಎಂಬ ಎರಡೂ ಸಂಗತಿ ಅದರ ಹೆಸರಿನಲ್ಲಿಯೇ ಇದೆ. ಎ72ರಲ್ಲಿ ಕಂಪೈಲರ್ ಅದನ್ನು ಒಂದೇ ಲೋಡ್ ಸೂಚನೆಯಾಗಿ ಇಳಿಸುತ್ತದೆ, ವೇಗದ ನಷ್ಟ ಏನೂ ಇಲ್ಲ. ಕಟ್ಟುನಿಟ್ಟಾದ ಬೇರೆ ಪ್ರೊಸೆಸರಿನಲ್ಲಿ ಅದೇ ಸಾಲು ತಾನಾಗಿ ಬೈಟ್ ಬೈಟಾಗಿ ಓದುತ್ತದೆ. ಹೀಗಿರುವಾಗ ಪಾಯಿಂಟರನ್ನು ಬಲವಂತವಾಗಿ ಯು32 ಮಾಡಿ ಓದುವುದಕ್ಕೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಇಂಥ ನೇರ ಓದು ಇನ್ನೆಲ್ಲಿ ಅಡಗಿದೆ ಎಂದು ಕಣ್ಣಿನಿಂದ ಹುಡುಕಲು ಹೋಗಲಿಲ್ಲ. ಕಾರ್ಡಿನ ಪಾಯಿಂಟರುಗಳಿಗೆಲ್ಲ ಐಓಮೆಮ್ ಗುರುತು ಹಚ್ಚಿ, ಕೋಡಿನ ತಪ್ಪು ಹುಡುಕುವ ಸ್ಪಾರ್ಸ್ ಉಪಕರಣವನ್ನು ಓಡಿಸಿದೆ. ಇನ್ನೂ ಎರಡು ಜಾಗ ತೋರಿಸಿತು. ಎರಡನ್ನೂ ಅದೇ ರೀತಿ ಸರಿಪಡಿಸಿದೆ.

ಎರಡನೆಯ ಕುಸಿತ

ಮಾಡ್ಯೂಲ್ ಈಗ ಶುರುವಾಗುತ್ತಿತ್ತು, ಗುಣಕಗಳು ಸರಿಯಾಗಿ ಬರುತ್ತಿದ್ದವು. ಕಾರ್ಡಿನಿಂದ ಮೊದಲ ಇಂಟರಪ್ಟ್ (ಪ್ರೊಸೆಸರಿನ ಗಮನ ಸೆಳೆಯುವ ಸಂಕೇತ) ಬಂದ ಕೂಡಲೇ ಮತ್ತೆ ಕುಸಿತ. ಅದೇ ಹೆಕ್ಸ್ 21. ಆದರೆ ಈ ಸಲ ದೋಷ ಬಿದ್ದದ್ದು ಕಾರ್ಡಿನ ವಿಳಾಸದಲ್ಲಲ್ಲ, ನಮ್ಮದೇ ಮೆಮೊರಿಯಲ್ಲಿ, ಸ್ಪಿನ್‌ಲಾಕ್ (ಇಬ್ಬರು ಒಟ್ಟಿಗೆ ಮುಟ್ಟದಂತೆ ತಡೆಯುವ ಬೀಗ) ಹಾಕುವ ಫಂಕ್ಷನ್ನಿನೊಳಗೆ.

ಸಾಮಾನ್ಯ ಮೆಮೊರಿಯಲ್ಲಿ ಸರಿದ ಓದು ನಡೆಯುತ್ತದೆ ಎಂದು ಮೇಲೆ ಹೇಳಿದೆ. ಅದಕ್ಕೆ ಒಂದು ಮುಖ್ಯ ವಿನಾಯಿತಿ ಇದೆ. ಬೀಗ ಹಾಕಲು ಬಳಸುವ ವಿಶೇಷ ಲೋಡ್ ಮತ್ತು ಸ್ಟೋರ್ ಸೂಚನೆಗಳು ಎ72ರಲ್ಲಿ ಸರಿದ ವಿಳಾಸವನ್ನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಹಾಗಾದರೆ ಸ್ಪಿನ್‌ಲಾಕ್ ಸರಿದ ವಿಳಾಸಕ್ಕೆ ಹೋಗಿ ಕುಳಿತದ್ದು ಹೇಗೆ? ಯಾವುದು ಯಾವ ಬೈಟಿನಲ್ಲಿದೆ ಎಂದು ತೋರಿಸುವ ಪಾಹೋಲ್ ಉಪಕರಣದಿಂದ ಡ್ರೈವರಿನ ಖಾಸಗಿ ಸ್ಟ್ರಕ್ಚರನ್ನು (ಮಾಹಿತಿಯ ಕಟ್ಟನ್ನು) ತೆರೆದು ನೋಡಿದೆ. ಸ್ಪಿನ್‌ಲಾಕ್ 37ನೆಯ ಬೈಟಿನಲ್ಲಿ ಇತ್ತು.

ಕಾರಣ ಹೆಡರ್ ಕಡತದ ಮೂರನೆಯ ಸಾಲಿನಲ್ಲಿ ಸಿಕ್ಕಿತು: ಪ್ರಾಗ್ಮಾ ಪ್ಯಾಕ್ 1. ಕಾರ್ಡ್ ಕಳಿಸುವ ದಾಖಲೆಗಳ ಸ್ಟ್ರಕ್ಚರ್‌ಗಳಲ್ಲಿ ಖಾಲಿ ಜಾಗ ಬಿಡಬೇಡ ಎಂದು ಕಂಪೈಲರಿಗೆ ಹೇಳಲು ಹಾಕಿದ್ದು. ಹಾಕಿದವರು ಅದನ್ನು ಮುಚ್ಚಿರಲಿಲ್ಲ. ಹಾಗಾಗಿ ಅದರ ಕೆಳಗೆ ಬಂದ ಪ್ರತಿಯೊಂದು ಸ್ಟ್ರಕ್ಚರ್, ಕಾರ್ಡಿಗೆ ಯಾವ ಸಂಬಂಧವೂ ಇಲ್ಲದ ನಮ್ಮ ಖಾಸಗಿ ಸ್ಟ್ರಕ್ಚರ್ ಕೂಡ, ಇರುಕಿಸಿ ಕಟ್ಟಲ್ಪಟ್ಟಿತ್ತು. ಎಕ್ಸ್86ರಲ್ಲಿ ಸರಿದ ಬೀಗವೂ ಕೆಲಸ ಮಾಡುತ್ತದೆ. ಅದು ಎರಡು ಕ್ಯಾಶ್ ಸಾಲುಗಳ ಮೇಲೆ ಬಿದ್ದರೆ ಮೆಮೊರಿಗೆ ಹೋಗುವ ಇಡೀ ದಾರಿಯನ್ನೇ ತಡೆದು ನಿಲ್ಲಿಸುತ್ತದೆ, ಅಷ್ಟೇ. 2020ರಲ್ಲಿ ಬಂದ 5.7 ಕರ್ನಲ್‌ನಿಂದ ಎಕ್ಸ್86 ಕೂಡ ಅದನ್ನು ಪತ್ತೆ ಹಚ್ಚಿ ಎಚ್ಚರಿಸಬಲ್ಲದು, ಆದರೆ ಈ ಗಿರಣಿಯ ಕಂಪ್ಯೂಟರ್ ಅಷ್ಟು ಹೊಸದನ್ನು ಕಂಡೇ ಇರಲಿಲ್ಲ.

ಪ್ರಾಗ್ಮಾ ತೆಗೆದುಹಾಕಿದೆ. ಕಾರ್ಡಿನ ದಾಖಲೆಗೆ ಮಾತ್ರ ಪ್ಯಾಕ್ಡ್ ಗುರುತು ಕೊಟ್ಟು, ಅದರ ಅಳತೆ 8 ಬೈಟೇ ಎಂದು ಕಂಪೈಲ್ ಆಗುವಾಗಲೇ ಪರೀಕ್ಷಿಸುವ ಒಂದು ಸಾಲನ್ನು ಕೆಳಗೆ ಬರೆದೆ. ಖಾಸಗಿ ಸ್ಟ್ರಕ್ಚರ್ ಸಹಜ ಅಳತೆಗೆ ಮರಳಿತು. ಕುಸಿತಗಳು ನಿಂತವು. ಕಾಟಾ ಮೇಲೆ ನಾನೇ ಹತ್ತಿ ನಿಂತೆ. ಅದರ ಕನಿಷ್ಠ ಹಂತ 10 ಕಿಲೋ, ಪರದೆಯಲ್ಲಿ 70 ಎಂದು ಬಂದಿತು. ಅಂದು ಮಧ್ಯಾಹ್ನ ಗಿರಣಿಯಲ್ಲಿಯೇ ಜೋಳದ ರೊಟ್ಟಿ, ಪುಂಡಿ ಪಲ್ಯ ಊಟವಾಯಿತು. ಕೆಲಸ ಮುಗಿಯಿತೆಂದೇ ನಂಬಿ ನೆಮ್ಮದಿಯಿಂದ ಉಂಡೆ.

ಮುನೀಮ ಕಾಕಾ ಹಿಡಿದ ತಪ್ಪು

ದುರಸ್ತಿಗಾರರು ಬಂದು ತೂಕದ ಕಲ್ಲುಗಳನ್ನಿಟ್ಟು ನೋಡಿದರು. ನಾಲ್ಕೂ ಮೂಲೆ, ನಡುವೆ, ಏರುತ್ತ, ಇಳಿಸುತ್ತ. ಎಲ್ಲವೂ ಸರಿ. ಅವರು ಹೋದ ಮೇಲೆ ಗಿರಣಿಯದೇ ಟ್ರ್ಯಾಕ್ಟರಿಗೆ ಬೇಳೆ ಚೀಲ ತುಂಬಿದ ಟ್ರಾಲಿ ಕಟ್ಟಿ ಹತ್ತಿಸಿದೆವು. ಪ್ರಿಂಟರಿನಿಂದ ಚೀಟಿ ಬಂದಿತು: 6,910 ಕಿಲೋ.

ಮುನೀಮ ಕಾಕಾ ಚೀಟಿಯನ್ನು ಕೈಯಲ್ಲಿ ಹಿಡಿದು ಕಿಟಕಿಯಿಂದ ಟ್ರಾಲಿಯ ಟಯರಿನ ಕಡೆ ನೋಡಿದರು. ಆ ಕುರ್ಚಿಯಲ್ಲಿ ಕುಳಿತು ಮೂವತ್ತು ವರ್ಷ ತೂಕ ಬರೆದವರು ಅವರು. "ತಮ್ಮಾ, ಈ ಗಾಡಿ ಇಷ್ಟು ಹಗುರವಿಲ್ಲ" ಎಂದರು. ನಾನು ಪರದೆ ನೋಡಿದೆ. ಅದರಲ್ಲಿ 8,640 ಇತ್ತು. "ಚೀಟಿ ಬರುವ ತನಕ ಪರದೆಯಲ್ಲಿಯೂ 6,910 ಇತ್ತು. ಚೀಟಿ ಬಿದ್ದ ಮೇಲೆ ಜಿಗಿಯಿತು. ನಾನು ನೋಡುತ್ತಲೇ ಇದ್ದೆ" ಎಂದರು ಕಾಕಾ.

ಬೇರೊಂದು ಕಾಟಾಕ್ಕೆ ಗಾಡಿ ಕಳಿಸಿದೆವು. 8,640.

1,730 ಕಿಲೋ ವ್ಯತ್ಯಾಸ. ಹದಿನೇಳು ಕ್ವಿಂಟಲ್ ಮೂವತ್ತು ಕಿಲೋ. 2025-26ರ ಹಂಗಾಮಿನ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ಲೆಕ್ಕದಲ್ಲಿ ಒಂದೇ ಚೀಟಿಯಲ್ಲಿ 1,38,400 ರೂಪಾಯಿ ಮಾಯ. ಆಳಂದದಿಂದಲೋ ಚಿಂಚೋಳಿಯಿಂದಲೋ ನಸುಕಿನಲ್ಲಿ ಹೊರಟು ಬಂದು ಸಾಲಿನಲ್ಲಿ ಕಾಯುವ ರೈತನ ವರ್ಷದ ದುಡಿಮೆ ಅದು. ಆ ಸಂಖ್ಯೆಯನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡಾಗ ಕೈ ತಣ್ಣಗಾಯಿತು. ಎರಡು ಸಲ ಕರ್ನಲ್ ಕುಸಿದಾಗ ನನಗೆ ಯಾವ ಭಯವೂ ಆಗಿರಲಿಲ್ಲ. ಈಗ ಆಯಿತು, ಏಕೆಂದರೆ ಲಾಗಿನಲ್ಲಿ ಒಂದು ದೂರೂ ಇರಲಿಲ್ಲ.

ಅದೇ ಗಾಡಿಯನ್ನು ಹತ್ತು ಸಲ ಹತ್ತಿಸಿದೆವು. ಏಳು ಸಲ ತಪ್ಪು, ಮೂರು ಸಲ ಸರಿ. ಸರಿ ಬಂದ ಮೂರೂ ಸಲ ನಾನು ಲಾಗ್ ಕಡತಗಳನ್ನು ಲ್ಯಾಪ್‌ಟಾಪಿಗೆ ನಕಲು ಮಾಡುತ್ತಿದ್ದೆ ಎಂಬುದನ್ನು ಸಂಜೆ ಸಮಯ ತಾಳೆ ನೋಡುವಾಗ ಗಮನಿಸಿದೆ. ಅದು ಆಗ ಅರ್ಥವಾಗಲಿಲ್ಲ, ಬರೆದಿಟ್ಟೆ.

ಮರುದಿನ ಒಟ್ಟು ತೂಕವನ್ನು ಬಿಟ್ಟು ಎಂಟೂ ಸೆಲ್‌ಗಳ ಕಚ್ಚಾ ಅಂಕಿಗಳನ್ನು ಬೇರೆ ಬೇರೆಯಾಗಿ ದಾಖಲಿಸಿದೆ. ಜಾಡು ಅಲ್ಲಿಯೇ ಸಿಕ್ಕಿತು. ಗಾಡಿ ಹತ್ತಿದಂತೆ ಒಂದರಿಂದ ಆರರವರೆಗಿನ ಅಂಕಿಗಳು ಏರಿ ಇಳಿದು ನಿಲ್ಲುತ್ತಿದ್ದವು. ಏಳು ಮತ್ತು ಎಂಟು ಮಾತ್ರ ಮುಂಗಾಲಿ ಕಾಟಾ ಮುಟ್ಟಿದ ಕ್ಷಣದಲ್ಲಿ ಎಷ್ಟಿದ್ದವೋ ಅಷ್ಟರಲ್ಲಿಯೇ ಹೆಪ್ಪುಗಟ್ಟುತ್ತಿದ್ದವು. ಅವು ಗೋದಾಮಿನ ಕಡೆಯ ಕೊನೆಯ ಜೋಡಿ; ಗಾಡಿ ಪೂರ್ತಿ ಹತ್ತಿ ನಿಂತಾಗ ಟ್ರ್ಯಾಕ್ಟರಿನ ಭಾರ ಅವುಗಳ ಮೇಲೆಯೇ ಬೀಳುತ್ತದೆ. ದುರಸ್ತಿಗಾರರ ಕಲ್ಲುಗಳು ಏಕೆ ಪಾಸಾದವು ಎಂಬುದೂ ಇದರಿಂದ ತಿಳಿಯಿತು: ಕಲ್ಲು ಚಲಿಸುವುದಿಲ್ಲ. ನಿಂತ ಭಾರದಲ್ಲಿ ಹಳೆಯ ಅಂಕಿಯೂ ಹೊಸ ಅಂಕಿಯೂ ಒಂದೇ.

ಪ್ರತಿ ಸೆಲ್‌ನ ದಾಖಲೆ 8 ಬೈಟ್: ಗುರುತು, ಸರದಿ ಸಂಖ್ಯೆ, ಸೆಲ್ ಸಂಖ್ಯೆ, 4 ಬೈಟಿನ ಅಳತೆ, ದಾಖಲೆ ಕೆಟ್ಟಿಲ್ಲವೆಂದು ತಾಳೆ ನೋಡುವ ಮೊತ್ತ. ಎಂಟು ಸೆಲ್‌ಗೆ 64 ಬೈಟ್. ಕಾರ್ಡ್ ಅದನ್ನು ಸೆಕೆಂಡಿಗೆ 50 ಸಲ, ಪ್ರೊಸೆಸರನ್ನು ಕೇಳದೆ, ಡಿಎಂಎ ಮೂಲಕ ನೇರವಾಗಿ ಮೆಮೊರಿಗೆ ಬರೆಯುತ್ತದೆ. ಆರು ಸೆಲ್ ಎಂದರೆ 48 ಬೈಟ್, ಉಳಿದ ಎರಡು 16 ಬೈಟ್. ಎ72ರ ಕ್ಯಾಶ್ ಸಾಲು 64 ಬೈಟ್. ಈ ಸಂಖ್ಯೆಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದಾಗ ಮತ್ತೆ ಪಾಹೋಲ್ ಓಡಿಸುವ ಯೋಚನೆ ಬಂದಿತು.

ಆ 64 ಬೈಟಿನ ಬಫರನ್ನು ಹಳೆಯ ಡ್ರೈವರ್ ಖಾಸಗಿ ಸ್ಟ್ರಕ್ಚರಿನ ನಟ್ಟನಡುವೆ ಇಟ್ಟಿತ್ತು. 80ನೆಯ ಬೈಟಿನಿಂದ 143ರವರೆಗೆ. ಕ್ಯಾಶ್ ಸಾಲುಗಳ ಗಡಿ 64ರಲ್ಲಿ ಮತ್ತು 128ರಲ್ಲಿ. ಅಂದರೆ ಬಫರಿನ ಮೊದಲ 48 ಬೈಟ್ ಒಂದು ಸಾಲಿನಲ್ಲಿ, ಕೊನೆಯ 16 ಬೈಟ್ ಮುಂದಿನ ಸಾಲಿನಲ್ಲಿ. ಆ 16 ಬೈಟುಗಳ ಪಕ್ಕದಲ್ಲಿಯೇ, 144ನೆಯ ಬೈಟಿನಲ್ಲಿ, ಒಂದು ಸಣ್ಣ ಎಣಿಕೆ: ತೂಕವನ್ನು ಎಷ್ಟು ಸಲ ಕೇಳಲಾಯಿತು ಎಂಬುದು. ಯಾರಿಗೂ ಬೇಡವಾದ ಎಣಿಕೆ. ಪ್ರತಿ ಓದಿಗೂ ಒಂದು ಏರುತ್ತಿತ್ತು.

ಇದನ್ನು ಸಾವಕಾರರಿಗೂ ಕಾಕಾಗೂ ವಿವರಿಸಬೇಕಾಯಿತು, ಏಕೆಂದರೆ ಕಾಟಾ ಅವರದು, ತಪ್ಪು ಹಿಡಿದವರೂ ಅವರೇ. ಹೀಗೆ ಹೇಳಿದೆ: ಪ್ರೊಸೆಸರ್ ಮೆಮೊರಿಯಿಂದ ಒಂದೊಂದೇ ಕಾಳು ತರುವುದಿಲ್ಲ, ಕಾಳು ಹರವಿದ ತಾಡಪತ್ರಿಯನ್ನೇ ತನ್ನ ಹತ್ತಿರ ಎಳೆದುಕೊಳ್ಳುತ್ತದೆ. ಆ ತಾಡಪತ್ರಿಯೇ ಕ್ಯಾಶ್ ಸಾಲು. ಒಂದೇ ತಾಡಪತ್ರಿಯ ಮೇಲೆ ಇಬ್ಬರ ರಾಶಿ ಇತ್ತು: ಒಂದು ಕಡೆ ಕಾರ್ಡಿನದು, ಇನ್ನೊಂದು ಕಡೆ ಎಣಿಕೆ. ಪ್ರೊಸೆಸರ್ ಎಣಿಕೆಯನ್ನು ಮುಟ್ಟಲು ಇಡೀ ತಾಡಪತ್ರಿಯ ನಕಲನ್ನು ತನ್ನ ಬಳಿಗೆ ತಂದುಕೊಂಡಿತು. ಆ ನಕಲಿನಲ್ಲಿ ಏಳು, ಎಂಟರ ಹಳೆಯ ಅಂಕಿಗಳಿದ್ದವು. ಈ ನಡುವೆ ಕಾರ್ಡ್ ಕಣದಲ್ಲಿದ್ದ ಮೂಲದ ಮೇಲೆ ಹೊಸ ಅಂಕಿ ಬರೆಯಿತು. ಆಮೇಲೆ ಡ್ರೈವರ್ ‘ಬಫರ್ ತಾ’ ಎಂದಿತು. ಅಂಚಿನ ಸಾಲಿನಲ್ಲಿ ಪಕ್ಕದವರ ಬದಲಾವಣೆ ಕಳೆಯಬಾರದು ಎಂದು ಕರ್ನಲ್ ಮೊದಲು ನಕಲನ್ನು ಕಣಕ್ಕೆ ಮರಳಿ ಹಾಸಿತು. ಎಣಿಕೆ ಉಳಿಯಿತು, ಹೊಸ ತೂಕ ಅಳಿಯಿತು.

"ಹಾಗಾದರೆ ಹಳೆಯ ಕಂಪ್ಯೂಟರ್?" ಎಂದು ಕಾಕಾ ಕೇಳಿದರು. ಅವರ ಮೂವತ್ತು ವರ್ಷದ ಪುಸ್ತಕಗಳು ಕಪಾಟಿನಲ್ಲಿದ್ದವು, ಪ್ರಶ್ನೆ ಎಲ್ಲಿಂದ ಬಂದಿತು ಎಂದು ತಿಳಿಯಿತು. ಎಕ್ಸ್86 ಕಂಪ್ಯೂಟರುಗಳಲ್ಲಿ ಡಿಎಂಎ ಬರಹ ಕ್ಯಾಶನ್ನೂ ಕೇಳಿಯೇ ಮುಂದೆ ಹೋಗುತ್ತದೆ. ಅಲ್ಲಿ ಹಳೆಯ ನಕಲು ಉಳಿಯಲು ಎಡೆಯಿಲ್ಲ. ಈ ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಹಾಗೆ ಕೇಳುವುದಿಲ್ಲ. "ಆ ಪುಸ್ತಕಗಳಲ್ಲಿನ ತೂಕಕ್ಕೆ ಈ ತಪ್ಪು ತಾಗಿಲ್ಲ ಕಾಕಾ" ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು ಚಹಾ ತರಲು ಹೇಳಿದರು.

ಉಳಿದ ಒಗಟುಗಳು ತಾವೇ ಬಿಡಿಸಿಕೊಂಡವು. ತೂಕದ ಪ್ರೋಗ್ರಾಂ ಸಾಮಾನ್ಯವಾಗಿ ಸೆಕೆಂಡಿಗೆ ಎರಡೇ ಸಲ ಓದುತ್ತದೆ. ಗಾಡಿ ಹತ್ತಿದ್ದು ಗೊತ್ತಾದರೆ ತೂಕ ಸ್ಥಿರವಾಗುವವರೆಗೆ 5 ಮಿಲಿಸೆಕೆಂಡಿಗೊಮ್ಮೆ ಓದುತ್ತದೆ. ಕಾರ್ಡ್ ಬರೆಯುವುದು 20 ಮಿಲಿಸೆಕೆಂಡಿಗೊಮ್ಮೆ. ಹಾಗಾಗಿ ಪ್ರತಿ ಬರಹಕ್ಕೂ ಮುಂಚೆ ಎಣಿಕೆ ಮೂರ್ನಾಲ್ಕು ಸಲ ಏರಿ, ಹಳೆಯ ನಕಲು ಸದಾ ಕ್ಯಾಶಿನಲ್ಲಿ ಸಿದ್ಧವಾಗಿರುತ್ತಿತ್ತು. ಚೀಟಿ ಬಿದ್ದ ಮೇಲೆ ಓದು ನಿಧಾನವಾಗಿ, ಪರದೆ ನಿಜಕ್ಕೆ ಜಿಗಿಯುತ್ತಿತ್ತು. ನಾನು ದೊಡ್ಡ ಕಡತ ನಕಲು ಮಾಡುವಾಗ ಆ ಒತ್ತಡದಲ್ಲಿ ಸಾಲು ಕ್ಯಾಶಿನಿಂದ ಮೊದಲೇ ಹೊರಬಿದ್ದು ತೂಕ ಸರಿ ಬರುತ್ತಿತ್ತು. ಕರ್ನಲ್‌ನ ಡಿಎಂಎ ತಪಾಸಣೆಯನ್ನೂ ಆನ್ ಮಾಡಿ ನೋಡಿದ್ದೆ. ಮ್ಯಾಪ್ ಮಾಡಿದ್ದು ಒಂದೇ ಬಫರ್, ಅದರ ನಿಯಮದ ಪ್ರಕಾರ ತಪ್ಪೇನೂ ಇಲ್ಲ, ಆದ್ದರಿಂದ ಅದು ಮೌನವಾಗಿತ್ತು.

ದುರಸ್ತಿ

ಬಫರಿನ ಮೇಲೆ ಕ್ಯಾಶ್ ಸಾಲಿನ ಗಡಿಗೆ ಕೂರಿಸು ಎಂಬ ಗುರುತು ಹಚ್ಚಿ, ಅದರ ನಂತರದ ಸದಸ್ಯನನ್ನೂ ಮುಂದಿನ ಗಡಿಗೆ ತಳ್ಳಿದ್ದರೆ ಸಾಕಿತ್ತು. ನಾನು ಹಾಗೆ ಮಾಡಲಿಲ್ಲ. ನಾಳೆ ಯಾರಾದರೂ ಸ್ಟ್ರಕ್ಚರಿನ ನಡುವೆ ಇನ್ನೊಂದು ಸಾಲು ಸೇರಿಸಿದರೆ ಅದೇ ತಪ್ಪು ಮರಳಿ ಬರಬಹುದು. ಬಫರನ್ನು ಸ್ಟ್ರಕ್ಚರಿನಿಂದ ಹೊರಗೆ ತೆಗೆದು ಡಿಎಂಎ_ಅಲಾಕ್_ಕೊಹೆರೆಂಟ್ ಮೂಲಕ ಬೇರೆಯಾಗಿಯೇ ಪಡೆದೆ. ಈ ಬೋರ್ಡಿನಲ್ಲಿ ಅದು ಕ್ಯಾಶ್ ಇಲ್ಲದ ಮೆಮೊರಿ. ಪ್ರೊಸೆಸರ್ ನೋಡಿದ್ದೂ ಕಾರ್ಡ್ ಬರೆದದ್ದೂ ಒಂದೇ. 64 ಬೈಟಿನ ವಿಷಯದಲ್ಲಿ ಕ್ಯಾಶಿನ ವೇಗ ಲೆಕ್ಕಕ್ಕಿಲ್ಲ. ಪ್ರತಿ ಸಲ ಮ್ಯಾಪ್, ಅನ್‌ಮ್ಯಾಪ್ ಮಾಡುವ ಕೋಡೂ ಹೋಯಿತು. ಆ ಎಣಿಕೆಯನ್ನು ಅಳಿಸಿದೆ. ದಾಖಲೆಯ ನಾಲ್ಕನೆಯ ಬೈಟಿನಿಂದ ಶುರುವಾಗುವ ಅಳತೆಯನ್ನು ಇಲ್ಲಿಯೂ ಗೆಟ್_ಅನ್‌ಅಲೈನ್ಡ್_ಎಲ್‌ಇ32 ಮೂಲಕವೇ ಓದುತ್ತೇನೆ.

ಇನ್ನೊಂದು ಕೆಲಸ ಉಳಿದಿತ್ತು, ನನ್ನ ಮಟ್ಟಿಗೆ ಅದೇ ದೊಡ್ಡದು. ಹೆಪ್ಪುಗಟ್ಟಿದ ದಾಖಲೆಗಳ ಮೊತ್ತ ಸರಿಯಾಗಿಯೇ ಇತ್ತು, ಏಕೆಂದರೆ ಅವು ಕೆಟ್ಟ ದಾಖಲೆಗಳಲ್ಲ, ಹಳೆಯ ದಾಖಲೆಗಳು. ಆದರೆ ಪ್ರತಿ ದಾಖಲೆಯ ಎರಡನೆಯ ಬೈಟಿನಲ್ಲಿ ಸರದಿ ಸಂಖ್ಯೆ ಇದೆ. ಆರು ದಾಖಲೆಗಳಲ್ಲಿ 118 ಇದ್ದಾಗ ಉಳಿದೆರಡರಲ್ಲಿ 57 ಇರುತ್ತಿತ್ತು. ಸಾಕ್ಷಿ ಮೊದಲ ದಿನದಿಂದ ಕಣ್ಣ ಮುಂದೆಯೇ ಇತ್ತು, ಹಳೆಯ ಡ್ರೈವರ್ ಅದನ್ನು ಓದಿ ಬಿಸಾಡುತ್ತಿತ್ತು. ಈಗ ಎಂಟೂ ಸರದಿ ಸಂಖ್ಯೆಗಳು ಒಂದೇ ಆಗಿರಬೇಕು, ಹಿಂದಿನದಕ್ಕಿಂತ ಒಂದು ಹೆಚ್ಚಿರಬೇಕು. ಇಲ್ಲದಿದ್ದರೆ ಡ್ರೈವರ್ ಅಂಕಿಯನ್ನೇ ಕೊಡುವುದಿಲ್ಲ, ದೋಷ ಕೊಡುತ್ತದೆ. ಪ್ರೋಗ್ರಾಂ ಆಗ ಪರದೆಯಲ್ಲಿ ‘ತೂಕ ಇಲ್ಲ’ ಎಂದು ತೋರಿಸಿ ಚೀಟಿ ಮುದ್ರಿಸಲು ನಿರಾಕರಿಸುತ್ತದೆ.

ಈ ಕಾವಲು ನಿಜಕ್ಕೂ ಕಾಯುತ್ತದೆಯೇ ಎಂದು ತಿಳಿಯಲು ಹಳೆಯ ಬಫರನ್ನು ಬೇಕೆಂದೇ ಅದರ ಜಾಗಕ್ಕೆ, ಆ ಎಣಿಕೆಯ ಪಕ್ಕಕ್ಕೆ ಮರಳಿ ಇಟ್ಟು, ಸರದಿ ಪರೀಕ್ಷೆಯನ್ನು ಮಾತ್ರ ಇರಿಸಿಕೊಂಡು ಟ್ರ್ಯಾಕ್ಟರ್ ಹತ್ತಿಸಿದೆವು. ಮುಂಗಾಲಿ ಕಾಟಾ ಮುಟ್ಟಿದ ಕೂಡಲೇ ‘ತೂಕ ಇಲ್ಲ’. ಟ್ರ್ಯಾಕ್ಟರ್ ಚಾಲಕ ಗಾಬರಿಯಾಗಿ ಬ್ರೇಕ್ ಹಾಕಿದ. ಸರಿಯಾಗಿಯೇ ನಡೆಯುತ್ತಿದೆ ಎಂದು ಕಿಟಕಿಯಿಂದ ಕೂಗಿ ಹೇಳಿದೆ. ಆಮೇಲೆ ಹೊಸ ಬಫರ್ ಹಾಕಿ ಮೂವತ್ತು ಸಲ: ಖಾಲಿ, ತುಂಬಿ, ಮುಂದಿನಿಂದ, ಗೋದಾಮಿನ ಕಡೆಯಿಂದ ಹಿಮ್ಮುಖವಾಗಿ, ಹಿಂದೆ ಕಡತ ನಕಲು ನಡೆಯುತ್ತಿರುವಾಗ, ನಡೆಯದಿರುವಾಗ. ತುಂಬಿದ ಗಾಡಿ ಪ್ರತಿ ಸಲವೂ 8,640 ತೋರಿಸಿತು. ನಂತರ ಎರಡು ದಿನ ಹಗಲು ರಾತ್ರಿ ಕಾರ್ಡನ್ನು ಓಡಲು ಬಿಟ್ಟು, ವೇಗದ ಓದನ್ನು ನಿಲ್ಲಿಸದೆ ನಡೆಸಿದೆ. ದಿನಕ್ಕೆ 43,20,000 ಅಳತೆ, ಎರಡು ದಿನಕ್ಕೆ 86,40,000. ಸರದಿ ತಪ್ಪಿದ್ದು ಸೊನ್ನೆ.

ದುರಸ್ತಿಗಾರರನ್ನು ಮತ್ತೆ ಕರೆಸಿದೆವು. ಈ ಸಲ ಕಲ್ಲುಗಳ ಜೊತೆಗೆ ಚಲಿಸುವ ಗಾಡಿಯನ್ನೂ ಪರೀಕ್ಷೆಗೆ ಸೇರಿಸಿಕೊಳ್ಳಿ ಎಂದು ಕೇಳಿಕೊಂಡೆ, ಅವರು ಒಪ್ಪಿದರು. ಇಲಾಖೆಯ ತಪಾಸಣೆಗೆ ಅರ್ಜಿ ಹೋಗಿದೆ. ಮೂಲ ಕೋಡ್, ಬದಲಾವಣೆಗಳ ಪ್ಯಾಚ್ ಮತ್ತು ಆ 11 ಪುಟಗಳ ಕೈಪಿಡಿಯನ್ನು ಸಾವಕಾರರ ಕಪಾಟಿನಲ್ಲಿ ಇಡಲು ಕೊಟ್ಟೆ.

ಬೋರ್ಡನ್ನು ಧೂಳು ಹೋಗದ ಅಲ್ಯೂಮಿನಿಯಂ ಡಬ್ಬಿಯಲ್ಲಿ ಕೂರಿಸಿ, ಮುಚ್ಚಳದ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇನೆ. ಅದರಲ್ಲಿ ದಾಖಲೆಯ 8 ಬೈಟುಗಳ ಚಿತ್ರ, ಯಾವ ಬೈಟ್ ಏನು ಎಂಬ ವಿವರ, ಬಫರ್ ಬೇರೆಯಾಗಿಯೇ ಇರಬೇಕು ಎಂಬ ಒಂದು ಸಾಲು, ಮತ್ತು ಏಳು, ಎಂಟನೆಯ ಸೆಲ್‌ಗಳ ಸುತ್ತ ಕೆಂಪು ಗೆರೆ. ಕೆಂಪು ಶಾಯಿಯ ಪೆನ್ನು ಮುನೀಮ ಕಾಕಾ ಅವರದು. ಗೆರೆಯನ್ನೂ ಅವರೇ ಎಳೆದರು.